ಕಾರಿನ ಬಾಯಿಗೆ ಬಿದ್ದ ಅಕ್ಷತೆ

ಗಿಣಿಗೇರಾ
೧೯ ಅಕ್ಟೋಬರ್ ೨೦೨೫, ರವಿವಾರ

ಮುನಿಸಿಕೊಂಡು ಗಂಗಾವತಿಯ ತಂಗಿಯ ಮನೆ ಸೇರಿರುವ ನನ್ನ ಸಿದ್ದಲಿಂಗೇಶರಿಗೆ, ನಿಮ್ಮ ವಾಣಿಶ್ರೀಯ ನಮಸ್ಕಾರ.

ಅತ್ತೆಯೂ ನಾನೂ ಇಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇವೆ, ನಿದ್ದೆಯನ್ನೂ ಮಾಡುತ್ತಿದ್ದೇವೆ. ನೀವು ಅಲ್ಲಿ ಎರಡನ್ನೂ ನೆಟ್ಟಗೆ ಮಾಡುತ್ತಿಲ್ಲ ಎಂದು ನಿಮ್ಮ ತಂಗಿ ಅಮೃತಾ ಹೇಳಿದಳು. ಫೋನ್ ಎತ್ತುವುದಿಲ್ಲ. ವಾಟ್ಸ್ಯಾಪಿನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ನಮ್ಮ ನಿಶ್ಚಯವಾದಾಗ ಬರೆದದ್ದೇ ಕೊನೆ. ಆಗಿನ ಹಾಗೆ ಅಂಚಿನಲ್ಲಿ ಹೂವಿನ ಬಳ್ಳಿ ಬಿಡಿಸುವುದಿಲ್ಲ, ಅಷ್ಟು ಚಂದ ನಡೆದುಕೊಂಡಿಲ್ಲ ನೀವು.

ಮೊದಲು ಗುಜರಿಯ ಮಾತು. ಶೆಡ್ಡಿನಲ್ಲಿ ನೀವೇ ಕಟ್ಟಿದ ಕಾರನ್ನು ಒಯ್ಯಲು ಗುಜರಿಯ ವಾಹೀದನಿಗೆ ಹೇಳಿದಿರಂತೆ. ಅವನು ಟೆಂಪೋ ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದಾಗಲೇ ನನಗೆ ಗೊತ್ತಾದದ್ದು. ಅಣ್ಣಾರು ಒಯ್ಯಿ ಅಂದಾರ, ನಾ ಏನ್ ಮಾಡ್ಲಿರಿ ಅಕ್ಕಾರ ಎಂದ. ಚಹಾ ಕುಡಿಸಿ, ಅವರೇ ಬಂದು ಕೈಯಾರೆ ಕೀಲಿ ಕೊಟ್ಟರೆ ಒಯ್ಯುವೆಯಂತೆ ಎಂದು ಕಳಿಸಿದೆ. ದೀಪಾವಳಿ ಮುಗಿಯುತ್ತಲೇ ಮತ್ತೆ ಬರುತ್ತಾನೆ. ಅಷ್ಟರೊಳಗೆ ನೀವು ಮನೆಗೆ ಬಂದು, ಒಯ್ಯಬೇಡ ಎಂದು ಅವನಿಗೆ ಹೇಳಬೇಕು. ಇದಿಷ್ಟೇ ಕಾಗದದ ವಿಷಯ, ಉಳಿದದ್ದು ನನ್ನ ಹೊಟ್ಟೆಯ ಸಂಕಟ.

ಆ ಕಾರು ನಿಮ್ಮೊಬ್ಬರದು ಎಂದು ಯಾರು ಹೇಳಿದರು? ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಪೈಪಿಗೆ ಪೈಪು ಬೆಸೆದವರು ನೀವು, ಒಪ್ಪಿದೆ. ಆದರೆ ಹಿಟ್ಟಿನ ಗಿರಣಿ ಮುಚ್ಚಿದ ಮೇಲೆ ಖಾಲಿ ಬಿದ್ದ ಶೆಡ್ಡನ್ನು ಬಾಡಿಗೆಗೂ ಕೊಡದೆ ನಿಮಗೆ ಬಿಟ್ಟುಕೊಟ್ಟವರು ಅತ್ತೆ. ಒಳಗಿನ ಬಟ್ಟೆಯೆಲ್ಲ ನನ್ನ ಹೊಲಿಗೆ ಮಿಷನ್ನಿನಲ್ಲಿ ಆದದ್ದು. ಹೈದರಾಬಾದಿನಿಂದ ಸೂಪರ್‌ಚಾರ್ಜರ್ ತಂದ ದಿನ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಮ್ಮಿಬ್ಬರಿಗೂ ಪಾಠ ಹೇಳಿದಿರಿ. ಎಂಜಿನ್ ತಾನಾಗಿ ಎಳೆದುಕೊಳ್ಳುವ ಗಾಳಿ ಸಾಲದು, ಇದು ಬೆಲ್ಟಿನಿಂದ ತಿರುಗಿ ಇನ್ನಷ್ಟು ಗಾಳಿಯನ್ನು ಒಳಗೆ ತುರುಕುತ್ತದೆ, ಆಗ ಸಣ್ಣ ಎಂಜಿನ್ನಿಗೂ ದೊಡ್ಡದರ ಕಸುವು ಬರುತ್ತದೆ ಎಂದಿರಿ. ಅತ್ತೆ ಬಗ್ಗಿ ನೋಡಿ, ಬೆಲ್ಟ್ ಐತಿ, ಗಾಲಿ ಐತಿ, ಮ್ಯಾಲ ಬಾಯಿ ಐತಿ, ಇದು ನಮ್ಮ ಗಿರಣಿನ ಅಲ್ಲೇನು ಅಂದರು. ಹೌದವ್ವ, ಇದು ಗಾಳಿ ತಿನ್ನೋ ಗಿರಣಿ ಎಂದು ನಕ್ಕವರು ನೀವೇ.

ಗಿರಣಿ ನಡೆಯುತ್ತಿದ್ದಷ್ಟು ಕಾಲವೂ ದಸರೆಯ ಖಂಡೇಪೂಜೆಯ ದಿನ ಅತ್ತೆ ಅದರ ಬಾಯಿಗೆ ಒಂದು ಹಿಡಿ ಅಕ್ಷತೆ ಹಾಕುತ್ತಿದ್ದರು. ದುಡಿಯುವ ಯಂತ್ರದ ಬಾಯಿ ಹಬ್ಬದ ದಿನ ಬರಿದಾಗಿರಬಾರದು ಎಂಬುದು ಈ ಮನೆಯ ಪದ್ಧತಿ. ಗಿರಣಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಅಕ್ಕಿ ಹಿಟ್ಟಾಗಿ ಕೆಳಗೆ ಬೀಳುತ್ತಿತ್ತು. ಈ ಸಲ ನೀವು ಗಾಳಿ ಸೋಸುವ ಡಬ್ಬಿಯನ್ನು ಇನ್ನೂ ಕೂರಿಸಿರಲಿಲ್ಲ, ಸೂಪರ್‌ಚಾರ್ಜರಿನ ಬಾಯಿ ತೆರೆದೇ ಇತ್ತು. ಅತ್ತೆ ವಿಭೂತಿ ಹಚ್ಚಿ, ಹೂ ಏರಿಸಿ, ಹಿಡಿ ಅಕ್ಷತೆ ಹಾಕಿ ಕೈ ಮುಗಿದರು. ಮರುದಿನ ದಶಮಿ, ಒಳ್ಳೆಯ ದಿನ ಎಂದು ನೀವು ಓಣಿಯವರನ್ನೆಲ್ಲ ಕರೆದು ಚಾಲೂ ಮಾಡಿದಿರಿ. ಕರಕರ ಅಂದು, ಬೆಲ್ಟ್ ಹರಿದು, ನಿಂತುಬಿಟ್ಟಿತು.

ನಿಮ್ಮ ಹೊಟ್ಟೆ ಉರಿದದ್ದು ನನಗೆ ತಿಳಿಯುತ್ತದೆ. ನನ್ನದೂ ಉರಿಯಿತು. ಆದರೆ ಅಷ್ಟು ಜನರ ಮುಂದೆ ಹೆತ್ತವ್ವನಿಗೆ, ನಿನಗ ತೆಲಿ ಐತೋ ಇಲ್ಲೋ, ನನ್ನ ಬಾಳೇನ ಕೆಡಿಸಿದಿ ಎಂದು ಕೂಗಿದಿರಲ್ಲ, ಅದನ್ನು ಕೇಳಲಾರದೆ ಪಕ್ಕದ ಮನೆಯ ದುರುಗವ್ವ ಒಳಗೆ ಹೋದಳು. ಎಲ್ಲಿ ಜಗಳವಾದರೂ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುವ ದುರುಗವ್ವ. ಸಂಜೆ ಅತ್ತೆಗೆ ಹಬ್ಬದ ಬನ್ನಿ ಎಲೆ ಕೊಡದೆ, ಕಾಲಿಗೆ ಬೀಳದೆ ಬಸ್ಸು ಹತ್ತಿದಿರಿ. ಬೈದದ್ದಕ್ಕೆ ಅವರು ಅಳಲಿಲ್ಲ. ಅಂವಾ ಬೈದಿದ್ದು ಖರೇನ ಐತಿ, ತಪ್ಪು ನಂದ, ಆದ್ರ ಬನ್ನಿ ಕೊಡದ ಹೋಗ್ಯಾನಲ್ಲವಾ ಅಂದರು.

ಅಣ್ಣನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಅಮೃತಾ ಹೇಳುತ್ತಾಳೆ. ನಾನು ನಂಬುವುದಿಲ್ಲ. ನಿಮ್ಮ ಸಿಟ್ಟು ಹಾಲು ಉಕ್ಕಿದ ಹಾಗೆ, ಬಂದಷ್ಟೇ ಬೇಗ ಇಳಿಯುತ್ತದೆ. ಈಗ ಉಳಿದಿರುವುದು ನಾಚಿಕೆ. ಅವ್ವನ ಮುಖ ಹೇಗೆ ನೋಡಲಿ ಎಂಬ ನಾಚಿಕೆಗೆ ನೀವು ಕಾರನ್ನೇ ಗುಜರಿಗೆ ಹಾಕಲು ಹೊರಟಿದ್ದೀರಿ. ಕಾರು ಕಣ್ಣೆದುರು ಇಲ್ಲದಿದ್ದರೆ ಆಡಿದ ಮಾತೂ ಇಲ್ಲವಾಗುತ್ತದೆ ಎಂದುಕೊಂಡಿದ್ದೀರಿ. ಹಾಗಾಗುವುದಿಲ್ಲರಿ. ಖಾಲಿ ಶೆಡ್ಡು ನೋಡಿದಾಗಲೆಲ್ಲ ಅತ್ತೆ ತನ್ನಿಂದಲೇ ಹೋಯಿತು ಎಂದು ಕೊರಗುತ್ತಾರೆ, ನೀವು ಅದನ್ನು ನೋಡುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ಸುದ್ದಿ ಹೇಳುತ್ತೇನೆ, ಬೈಯಬೇಡಿ. ಸೂಪರ್‌ಚಾರ್ಜರನ್ನು ಬಿಚ್ಚಿಸಿದೆ. ಕೊಪ್ಪಳದ ಲೇತ್ ಅಂಗಡಿಯ ನಿಮ್ಮ ಗೆಳೆಯ ಮಾಜೀದ ಅಣ್ಣ ಬಂದಿದ್ದರು. ಒಳಗಿನ ಎರಡು ಉರುಳೆಗಳಿಗೆ ಗೀರು ಬಿದ್ದಿತ್ತು, ಒಡೆದಿರಲಿಲ್ಲ. ಅತ್ತೆ ಚಾಪೆ ಹಾಸಿಕೊಂಡು ಕೂತು, ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅರಿಶಿನದ ನುಚ್ಚನ್ನೆಲ್ಲ ತಮ್ಮ ತಲೆಪಿನ್ನಿನಿಂದ ಕೆದರಿ ತೆಗೆದರು. ಮಾಜೀದ ಅಣ್ಣ ಅಂಗಡಿಗೆ ಒಯ್ದು ಗೀರು ತೀಡಿ ತಂದು ಕೂರಿಸಿದರು. ಮೊದಲಿನಷ್ಟು ಜೋರು ಇರಲಿಕ್ಕಿಲ್ಲ ಅಕ್ಕಾ, ಆದ್ರ ಛಲೋ ನಡೀತೈತಿ ಅಂದಿದ್ದಾರೆ. ಹೊಸ ಬೆಲ್ಟ್ ಹೊಸಪೇಟೆಯಿಂದ ಬಂತು. ಗಾಳಿ ಸೋಸುವ ಡಬ್ಬಿ ಇಟ್ಟು ಅದರ ಬೋಲ್ಟನ್ನು ಅತ್ತೆಯ ಕೈಯಿಂದಲೇ ಬಿಗಿಸಿದೆ. ಇನ್ನ ಮ್ಯಾಲ ಹೂವು ಹೊರಗ, ಗಾಳಿ ಒಳಗ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಪಾನಾ ತಿರುವಿದರು.

ಮೊನ್ನೆ ಚಾಲೂ ಮಾಡಿದೆವು. ಸದ್ದು ಹೇಗಿತ್ತು ಎಂದು ನಾನು ಬರೆಯುವುದಿಲ್ಲ. ಕೇಳುವ ಆಸೆ ಇದ್ದವರು ಬಂದು ಕೇಳಲಿ. ಕಾರು ಮುಂದೆ ಹೋಯಿತೋ ಇಲ್ಲವೋ ಎಂಬುದನ್ನೂ ಬರೆಯುವುದಿಲ್ಲ. ಎಂಜಿನ್ ಗುಡುಗಿದಾಗ ಅತ್ತೆ ಬಾಯಿಗೆ ಸೆರಗು ಹಿಡಿದು ಅತ್ತರು, ನೀವು ಬೈದಾಗ ಅಳದಿದ್ದವರು. ನನಗೂ ಅಳು ಬಂತು. ಇದನ್ನು ನೋಡಬೇಕಾದವರು ಇಲ್ಲಿಲ್ಲವಲ್ಲ ಎಂದು ಬಂತು.

ನೀವಿಲ್ಲದ ಮನೆ ನನಗೆ ಸೇರುತ್ತಿಲ್ಲ. ಶೆಡ್ಡಿನಿಂದ ಪಾನಾ ಬಿದ್ದ ಸದ್ದು ಕೇಳದೆ ಹೊಲಿಗೆ ಸೊಟ್ಟ ಹೋಗುತ್ತಿದೆ. ನಿನ್ನೆ ಒಬ್ಬರ ಕುಪ್ಪಸಕ್ಕೆ ಎರಡೂ ಎಡತೋಳನ್ನೇ ಹಚ್ಚಿದ್ದೆ, ಕೂತು ಬಿಚ್ಚಿದೆ. ನಿಮ್ಮ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ನೀವು ಬೇಕಾಗಿದ್ದೀರಿ. ಬಂದುಬಿಡ್ರಿ. ಅತ್ತೆಯ ಮುಂದೆ ದೊಡ್ಡ ಮಾತೇನೂ ಆಡಬೇಕಿಲ್ಲ, ಅವರಿಗೆ ಅದೆಲ್ಲ ಬೇಕಿಲ್ಲ.

ನಿಮ್ಮ ದಾರಿ ಕಾದು ಸಾಕಾದ,
ವಾಣಿಶ್ರೀ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿದಿರೋ ಇಲ್ಲವೋ. ಮೇಲಿನದೆಲ್ಲ ಬೆಳಿಗ್ಗೆ ಗಿಣಿಗೇರಾದಲ್ಲಿ ಬರೆದದ್ದು. ಇದಿಷ್ಟನ್ನು ಅಮೃತಾಳ ಮನೆಯ ಹೊರಗೆ ನಿಂತು, ನಿಮ್ಮ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇನ್ನೂ ಬಿಸಿ ಇದೆ, ಕೈ ಊರಲು ಆಗುತ್ತಿಲ್ಲ. ಆರ್‌ಟಿಓ ಕೆಲಸ ಮುಗಿಯದೆ ನಾನೇ ಓಡಿಸಿಕೊಂಡು ರಸ್ತೆಗೆ ತಂದದ್ದಕ್ಕೆ ಆಮೇಲೆ ಬೈಯುವಿರಂತೆ. ಸದ್ದು ಕೇಳಿ ನೀವು ಹಿತ್ತಲ ಬಾಗಿಲಿನಿಂದ ಜಾರಬಾರದೆಂದು ಓಣಿಯ ತುದಿಯಲ್ಲೇ ಬಂದ್ ಮಾಡಿ, ಅಮೃತಾಳ ಗಂಡನ ಕೈಯಿಂದ ಇಲ್ಲಿಯವರೆಗೆ ತಳ್ಳಿಸಿದೆ. ಕಾರಿನ ಒಳಗೆ ಅತ್ತೆ ಕೂತಿದ್ದಾರೆ. ನೀವು ಮಾಡಿದ ಸೀಟು ನೆಲಕ್ಕೆ ಹತ್ತಿಕೊಂಡ ಹಾಗಿದೆ, ಅವರ ಮೊಣಕಾಲು ನಿಮಗೆ ಗೊತ್ತೇ ಇದೆ. ಕೂರುವುದೇನೋ ಕೂತರು, ಈಗ ಏಳಲು ಆಗುತ್ತಿಲ್ಲ. ನಾನು ಕೈ ಕೊಡಲು ಹೋದರೆ ನೀ ಬ್ಯಾಡ ಬಿಡು ಅಂದರು. ನೀವೇ ಹೊರಗೆ ಬಂದು, ಬಗ್ಗಿ, ಎರಡೂ ಕೈ ಹಿಡಿದು ಎಬ್ಬಿಸಿಕೊಳ್ಳಿ.