ತಲೆ ಎತ್ತಿ ಹಾಕಿದ ಔಷಧಿ

ಗದಗ ಬಯಲು, ಇಸವಿ ೨೨೩೬, ಫೆಬ್ರುವರಿ ಮೂವತ್ತೊಂದು.

ಹಿಂದಿನ ಕಾಲದ ಹಿರಿಯರಿಗೆ ಕಲ್ಲವ್ವನ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರುವರಿಗೆ ಈಗ ಅಷ್ಟು ದಿನ ಇವೆ. ನಾನು ಶಾಲೆಗೆ ಹೋದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಮಾತು ಅಡ್ಡಾದಿಡ್ಡಿ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಣ್ಣು ಹಾರಬಾರದೆಂದು ಇಲ್ಲಿ ಬಯಲಿಗೆಲ್ಲ ತಡೆಹುಲ್ಲು ಬಿತ್ತಿದರು. ಮಣ್ಣು ನಿಂತಿತು, ಹುಲ್ಲಿನ ಹೂಪುಡಿ ಎದ್ದಿತು. ಹೂಗಾಳಿಯ ದಿನಗಳಲ್ಲಿ ಊರಿಗೆ ಊರೇ ಸೀನುತ್ತದೆ. ಆಗ ಆರೋಗ್ಯದ ಈರವ್ವ ಬೆಳಿಗ್ಗೆ ಬಾಗಿಲಿಗೆ ಬಂದು ಮಕ್ಕಳ ಮೂಗಿನ ಕೆಳಗೆ ಕನ್ನಡಿ ಹಿಡಿಯುವುದು ಪದ್ಧತಿ. ಬಾಯಿ ಮುಚ್ಚಿ ಉಸಿರು ಬಿಟ್ಟರೆ ಎರಡು ಮಬ್ಬು ಮೂಡಬೇಕು. ಮೂಡದವರನ್ನು ಸೋಸುಮನೆಗೆ ಒಯ್ಯುತ್ತಾರೆ. ಅದು ಗಾಳಿ ಸೋಸಿ ಒಳಗೆ ಬಿಡುವ ದೊಡ್ಡ ಮನೆ. ಹೂಗಾಳಿ ಮುಗಿಯುವ ತನಕ ಅಲ್ಲೇ ಇರಬೇಕು. ಒಳ್ಳೆಯ ಜಾಗವೇ, ಇಲ್ಲವೆನ್ನಲಾರೆ. ಆದರೆ ನನ್ನ ಮೊಮ್ಮಗಳು ಚಿನ್ನವ್ವ ನನ್ನ ಸೆರಗು ಹಿಡಿಯದೆ ಮಲಗುವವಳಲ್ಲ. ಒಂದು ಬೆಳಿಗ್ಗೆ ಅವಳ ಕನ್ನಡಿಯಲ್ಲಿ ಒಂದೂ ಮಬ್ಬು ಬರಲಿಲ್ಲ. ನಾಳೆಯೂ ಹೀಗಾದರೆ ಕಳಿಸಲೇಬೇಕೆಂದು ಈರವ್ವ ಹೇಳಿಹೋದಳು.

ಇದಕ್ಕೆ ಹಾಕುವ ಔಷಧಿ ನಿಮ್ಮ ಕಾಲದ್ದೇ, ಅಲರ್ಜಿ ತಣಿಸುವ ಆಂಟಿಹಿಸ್ಟಮಿನ್ ಸ್ಪ್ರೇ. ಹೊಳ್ಳೆಗೆ ಒತ್ತಿದರೆ ಸ್ವಲ್ಪ ಹೊತ್ತಿಗೆ ತುರಿಕೆ, ಸೋರುವುದು ತಗ್ಗಿ ಮೂಗು ಬಿಡಿಸಿಕೊಳ್ಳಬೇಕು. ನಮಗೆ ಮಾತ್ರ ಹಾಗೆ ಆಗಲೇ ಇಲ್ಲ. ತಂಬಿಗೆಗೆ ತುಟಿ ತಾಗಿಸದೆ ಎತ್ತಿ ಕುಡಿಯುವ ಜನ ನಾವು. ಏನು ಹಾಕಿಕೊಳ್ಳಬೇಕಾದರೂ ತಲೆ ತಾನಾಗಿ ಹಿಂದೆ ಹೋಗುತ್ತದೆ. ಸ್ಪ್ರೇಯನ್ನೂ ಹಾಗೇ ಮುಖ ಮೇಲೆತ್ತಿಸಿ, ಜೋರಾಗಿ ಎಳೆದುಕೋ ಎಂದು ಹಾಕುತ್ತಿದ್ದೆ. ಹುಡುಗಿ ಮುಖ ಕಿವುಚಿದರೆ ಹಠವೆಂದುಕೊಂಡೆ. ಆ ಸಂಜೆ ಅವಳೇ ಹೇಳಿದಳು:

“ಆಯಿ, ಕಹಿ ಆಗೂದು ನಾಲಿಗಿಗೆ. ಮೂಗಿಗೆ ಏನೂ ಬಂದಿಲ್ಲ ನೋಡು.”

ಹೌದಲ್ಲ! ಔಷಧಿಯೆಲ್ಲ ಗಂಟಲಿಗೆ ಇಳಿಯುತ್ತಿತ್ತು. ಅಂಗಳದ ಇರುವೆಸಾಲು ನೋಡೆಂದು ಅವಳ ತಲೆ ತುಸು ಬಗ್ಗಿಸಿದೆ. ತುದಿಯನ್ನು ಮೂಗಿನ ನಡುಗೋಡೆಗೆ ತಾಗಿಸದೆ ಕಿವಿಯ ಕಡೆ ತಿರುಗಿಸಿ ಒತ್ತಿ, ಮೆಲ್ಲಗೆ ಉಸಿರೆಳೆಯಲು ಹೇಳಿದೆ. ಮುಖ ಕಿವುಚಲಿಲ್ಲ.

ಬೆಳಿಗ್ಗೆ ಕನ್ನಡಿಯಲ್ಲಿ ಎಡಕ್ಕೊಂದು ದೊಡ್ಡ ಮಬ್ಬು, ಬಲಕ್ಕೆ ಅವರೆಕಾಳಿನಷ್ಟು. ಈರವ್ವ ಕನ್ನಡಿಯನ್ನು ಆಚೀಚೆ ಹೊರಳಿಸಿದಳು.

“ಸಣ್ಣದಾದ್ರೂ ಎರಡು ಎರಡೇ ಬಿಡು,” ಎಂದು ಪಕ್ಕದ ಮನೆಗೆ ನಡೆದಳು.

ನಿಮ್ಮ ಮನೆಯ ಮಗು ಬಾಯಿ ತೆರೆದು ಮಲಗಿದರೆ, ಔಷಧಿಯನ್ನೋ ಮಗುವನ್ನೋ ಬೈಯುವ ಮೊದಲು, ಕಹಿ ಆಯಿತೇನೆಂದು ಒಮ್ಮೆ ಕೇಳಿ. ಇಷ್ಟೇ ನನ್ನ ಬೇಡಿಕೆ. ಇದನ್ನು ಬರೆಯುವಾಗ ಮಧ್ಯಾಹ್ನ. ಚಿನ್ನವ್ವ ಬಾಯಿ ಮುಚ್ಚಿ, ಸೆರಗು ಹಿಡಿದು ಮಲಗಿದ್ದಾಳೆ. ನನಗೋ ಸಮಾಧಾನವಿಲ್ಲ, ಸಾಲಿಗೊಮ್ಮೆ ಅವಳ ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ. ಬಿಸಿ ತಾಗುತ್ತಿದೆ.