ಬದನೆಕಾಯಿಯ ತಪ್ಪಲ್ಲ, ಅತ್ತಿ

ಅತ್ತೀ,

ಮೊದಲು ಕೂತುಕೊಳ್ಳಿ. ನಿಂತ ಕಾಲ ಮೇಲೆ "ಕಡೀಕ ಏನಾತು, ಅದನ್ನಷ್ಟ ಹೇಳ" ಎಂದು ಜೀವ ತಿನ್ನಬೇಡಿ. ಟಿ.ವಿ. ಧಾರಾವಾಹಿ ನೋಡುವಾಗಲೂ ಹೀಗೇ ಮಾಡುತ್ತಿದ್ದಿರಿ. ಈ ಸಲ ನಿಮ್ಮ ಅವಸರ ನಡೆಯುವುದಿಲ್ಲ. ನಾನು ಐದು ತಿಂಗಳ ಬಸುರಿ. ಹೌದು, ನಾನೇ! ನಿಮ್ಮ ತಮ್ಮನ ಮಗಳು, ನಿಮ್ಮ ಮಗ ಬಸುವಿನ ಹೆಂಡತಿ, "ಮಕ್ಕಳು ಈಗಲೇ ಬೇಡ" ಎಂದು ನಿಮ್ಮ ಕೈಲಿ ಬೈಸಿಕೊಂಡ ಶೈಲಾ. ನಿಮ್ಮ ಚೊಚ್ಚಿಲ ಮಗನನ್ನು ಒಯ್ದ ಕಾಯಿಲೆ ಈ ಕೂಸಿಗೂ ಬಂದಿದೆಯೇ ಎಂದು ಪರೀಕ್ಷೆ ಮಾಡಿಸಿದ್ದೆವು. ಇವತ್ತು ಮಧ್ಯಾಹ್ನ ಉತ್ತರ ಬಂತು. ಹೇಳುತ್ತೇನೆ, ತಡೆಯಿರಿ!

ಉಣಕಲ್ಲಿನ ಮನೆಯಲ್ಲಿ ನಾನು ಮೊದಲ ಸಲ ಎಣ್ಣೆಗಾಯಿ ಮಾಡಿದ ದಿನ ನೆನಪಿದೆಯೇ? ನೀವು ಬದನೆಕಾಯಿ ಮುಟ್ಟುವುದಿಲ್ಲವೆಂದು ಚಿಕ್ಕಂದಿನಿಂದ ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಹೊಸ ಸೊಸೆಯ ಉಮೇದು ನೋಡಿ, ನಿಮ್ಮ ರೊಟ್ಟಿಯ ಮೇಲೆ ಒಂದು ಕಾಯಿ ಇಟ್ಟೇಬಿಟ್ಟೆ.

"ತೆಗಿ ಅದನ್ನ. ನಾ ತಿನ್ನಂಗಿಲ್ಲ."

"ಒಂದ ತುತ್ತು ತಿನ್ರಿ ಅತ್ತಿ. ನಾ ಮಾಡೇನಂತ ಹಿಂಗ ಮಾಡ್ತೀರೇನ್ರಿ?"

"ಇದನ್ನ ತಿಂದ ನನ್ನ ಕೂಸಿನ್ನ ಕಳಕೊಂಡೇನಿ ಯವ್ವಾ" ಎಂದಿರಿ.

ಆ ದಿನ ನೀವು ಹೇಳಿದ ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ. ಬಾಣಂತಿ ಬದನೆಕಾಯಿ ತಿಂದರೆ ನಂಜು ಎಂದು ಹಿರಿಯರು ಹೇಳಿದ್ದರೂ ಆಸೆ ತಡೆಯದೆ ಕದ್ದು ತಿಂದದ್ದು. ಕೂಸಿನ ಹೊಕ್ಕಳು ಕೆಂಪಗಾದದ್ದು. ಓಣಿಯ ಬೇರೆ ಮಕ್ಕಳ ಹೊಕ್ಕಳಬಳ್ಳಿ ಒಣಗಿ ಬಿದ್ದು ಎಷ್ಟೋ ದಿನವಾದರೂ ಇವನದು ಬೀಳಲೇ ಇಲ್ಲ. ಮನೆಯವರಿಗೆ ಅದೇ ಒಂದು ಖುಷಿ! "ಬಳ್ಳಿ ಗಟ್ಟಿ ಐತಿ, ಜೀವಾನೂ ಗಟ್ಟಿ" ಅಂದರು. ಬಳ್ಳಿ ಬೀಳುವ ತನಕ ತೊಟ್ಟಿಲಿಗೆ ಹಾಕಿ ಹೆಸರಿಡಬಾರದು ಎಂಬುದು ನಮ್ಮ ಮನೆತನದ ರೂಢಿ, ಹಾಗಾಗಿ ತೊಟ್ಟಿಲು ಮುಂದಕ್ಕೆ ಹೋಯಿತು. ಗಾಯ ನೋಡಿದವರೆಲ್ಲ "ಕೀವು ಇಲ್ಲ, ಒಣಾ ಗಾಯ, ಲಗೂ ಮಾಯತೈತಿ" ಎಂದು ಸಮಾಧಾನ ಹೇಳಿ ಹೋದರು. ಕೊನೆಗೂ ಬಳ್ಳಿ ಬಿತ್ತು, ನೀವು ತೊಟ್ಟಿಲಿನ ದಿನ ಹಂಚುವ ಗುಗ್ಗರಿಗೆ ಕಾಳು ನೆನೆಹಾಕಿದಿರಿ, ಅಷ್ಟರಲ್ಲಿ ಜ್ವರ... ಹೆಸರಿಲ್ಲದೆ ಹೋದ ಕೂಸು ಅದು.

ನೀವು ಅದನ್ನು ಹೇಳಿದ ಮೇಲೆ ನನಗೆ ಭಯ ಹತ್ತಿತು. ನಿಮ್ಮನ್ನು ನಿಮ್ಮ ಸೋದರಮಾವನಿಗೇ ಕೊಟ್ಟಿದ್ದರು, ನನ್ನನ್ನು ನಿಮ್ಮ ಮಗನಿಗೆ ಕೊಟ್ಟರು. ರಕ್ತ ಒಂದೇ. ಆ ಕಾಯಿಲೆ ನಮ್ಮ ರಕ್ತದಲ್ಲೇ ಇದ್ದರೆ ನನ್ನ ಮಡಿಲಿಗೂ ಬಾರದೇ ಇರುತ್ತದೆಯೇ? ಅದಕ್ಕೇ ಮಕ್ಕಳು ಬೇಡ ಅಂದೆ. ಆದರೆ ಹೆಸರೇ ಗೊತ್ತಿಲ್ಲದ ಕಾಯಿಲೆಯನ್ನು ಎಲ್ಲಿ ಅಂತ ಹುಡುಕುವುದು ಹೇಳಿ!

ಪ್ರಯೋಗಾಲಯದಲ್ಲಿ ಬಿಳಿ ರಕ್ತಕಣ ನೋಡುವ ನನ್ನ ಕೆಲಸಕ್ಕೆ ನೀವೇ ಒಂದು ಹೆಸರಿಟ್ಟಿದ್ದಿರಿ, "ಬಿಳೀ ರಕ್ತದ ಉದ್ಯೋಗ" ಎಂದು. "ಕೆಂಪಂದು ನೋಡೂದು ಬಿಟ್ಟು ಬಿಳೀದು ಏನ್ ನೋಡ್ತೀ?" ಎಂದು ಕಾಡಿಸುತ್ತಿದ್ದಿರಿ. ನೀವು ಕಣ್ಣು ಮುಚ್ಚಿದ ಕೆಲವು ತಿಂಗಳಿಗೆ ಧಾರವಾಡ ಕಡೆಯ ಒಂದು ಹಳ್ಳಿಯಿಂದ ನಮ್ಮ ಪ್ರಯೋಗಾಲಯಕ್ಕೆ ಒಂದು ಹಸುಗೂಸಿನ ರಕ್ತ ಬಂತು. ತಾಯಿಯನ್ನು ಮಾತಾಡಿಸಲು ಕೂತೆ. ಹೊಕ್ಕಳಬಳ್ಳಿ ಬಿದ್ದಿಲ್ಲ, ಸುತ್ತ ಕೆಂಪು, ಕೀವು ಮಾತ್ರ ಇಲ್ಲ ಅಂದಳು. ಅವೇ ಮಾತುಗಳು, ಅತ್ತಿ! ಇನ್ನೊಂದಿಷ್ಟು ದಿನ ನೀವು ಇದ್ದಿದ್ದರೆ...

ಏನಾಗಿರುತ್ತದೆ ಗೊತ್ತೇ? ಗಾಯವಾದ ಕಡೆ ರೋಗದ ಕ್ರಿಮಿಗಳ ಜೊತೆ ಕಾದಾಡುವವು ಬಿಳಿ ರಕ್ತಕಣಗಳು. ಅವು ರಕ್ತನಾಳದ ಗೋಡೆಗೆ ಅಂಟಿಕೊಂಡು, ಅಲ್ಲಿಂದ ನುಸುಳಿ ಗಾಯಕ್ಕೆ ಇಳಿಯಬೇಕು. ಹೊಕ್ಕಳಬಳ್ಳಿಯನ್ನು ಕಳಚಿ ಬೀಳಿಸುವುದರಲ್ಲೂ ಅವುಗಳ ಕೈ ಇದೆ. ಕೆಲವು ಕೂಸುಗಳ ಕಣಗಳಿಗೆ ಹುಟ್ಟಿನಿಂದಲೇ ಆ ಅಂಟು ಇರುವುದಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸಿನ ತುಂಬ ಜನ, ಉಣಕಲ್ಲಿನಲ್ಲಿ ಇಳಿಯಬೇಕಾದವರಿಗೆ ಬಾಗಿಲೇ ತೆರೆಯಲಿಲ್ಲ ಅಂದುಕೊಳ್ಳಿ. ರಕ್ತದಲ್ಲಿ ಬಿಳಿ ಕಣಗಳು ಕಿಕ್ಕಿರಿದಿರುತ್ತವೆ, ಗಾಯದಲ್ಲಿ ಒಂದೂ ಇರುವುದಿಲ್ಲ. ಕೀವು ಅಂದರೆ ಕಾದಾಡಿ ಸತ್ತ ಆ ಕಣಗಳೇ ತಾನೆ? ಇಳಿಯದೇ ಹೋದರೆ ಕೀವು ಎಲ್ಲಿಂದ ಬರಬೇಕು? ಇಡೀ ಓಣಿ ಯಾವುದನ್ನು ನೋಡಿ ಸಮಾಧಾನಪಟ್ಟಿತೋ ಅದೇ ಕಾಯಿಲೆಯ ಗುರುತಾಗಿತ್ತು.

ಆ ಸಂಜೆ ಮನೆಗೆ ಓಡಿಬಂದು ಬಸುವಿಗೆ ತಾಯಿತದ ಮಾತು ತೆಗೆದೆ. ಮಗನ ಹೊಕ್ಕಳಬಳ್ಳಿಯ ಚೂರನ್ನು ಬೆಳ್ಳಿಯ ತಾಯಿತದಲ್ಲಿ ಹಾಕಿಸಿ ನೀವು ಕೊರಳಲ್ಲಿ ಕಟ್ಟಿಕೊಂಡಿದ್ದಿರಲ್ಲ. ಸತ್ತ ಕೂಸಿನದನ್ನು ಹೊಳೆಗೆ ಬಿಡಬೇಕು ಎಂದವರಿಗೆ "ನಿನ್ನ ಕೊಳ್ಳಾಗ ಐತೇನು?" ಎಂದು ಬಾಯಿ ಮುಚ್ಚಿಸುತ್ತಿದ್ದಿರಿ. ನೀವು ಹೋದ ಮೇಲೆ ಬಸು ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದ.

"ಅವ್ವನ ಕೊಳ್ಳಾಗಿಂದು. ಒಡೀಬೇಕೇನು?" ಅಂದ.

"ಒಡೀಬೇಕು ಬಸು. ಒಣಗಿದ ಬಳ್ಳಿಯೊಳಗೂ ಜೀನ್ ಸಿಗತಾವು."

"ಎಲ್ಲಾ ಬೇಕಾಗತೈತೇನು?"

"ಚೂರು ಸಾಕು. ಉಳಿದದ್ದು ಮತ್ತ ತಾಯಿತದಾಗ ಹಾಕಿಸೋಣು."

ಗಂಡನ ಹೆಸರು ಹಿಡಿದು ಕರೆದೆ ಎಂದು ಹುಬ್ಬು ಗಂಟು ಹಾಕಬೇಡಿ, ಚಿಕ್ಕಂದಿನಿಂದ ಜಗಳ ಆಡಿದವನನ್ನು ಇನ್ನು ಹೇಗೆ ಕರೆಯಲಿ! ಅಕ್ಕಸಾಲಿಗ ತಾಯಿತ ಬಿಚ್ಚಿದಾಗ ಒಳಗೆ ಲವಂಗದಷ್ಟು ಕಪ್ಪು ಚೂರು ಇತ್ತು. ಹತ್ತಿ ವ್ಯಾಪಾರದಲ್ಲಿ ಯಾರಿಗೂ ಜಗ್ಗದ ನಿಮ್ಮ ಮಗ ಆ ಅಂಗಡಿಯಲ್ಲೇ ಅತ್ತುಬಿಟ್ಟ.

ನಮ್ಮ ಮನೆಯವರ ಪರೀಕ್ಷೆಯನ್ನು ನಾನೇ ಮಾಡುವಂತಿಲ್ಲ. ನನ್ನ ಜೊತೆ ಕೆಲಸ ಮಾಡುವ ಶಬಾನಾ ಅದನ್ನು ವಹಿಸಿಕೊಂಡಳು. "ಹೆಸರಿಲ್ಲದ ಸ್ಯಾಂಪಲ್ ತಗೊಳ್ಳಾಕ ಬರೂದಿಲ್ಲ ಅಣ್ಣಾ" ಅಂದಳು. ಬಸು ಥಟ್ಟನೆ "ಶಿವಾನಂದ ಅಂತ ಬರಕೋರಿ" ಅಂದ. ಹೊರಗೆ ಬಂದ ಮೇಲೆ ಕೇಳಿದೆ. "ಸಣ್ಣಾವಿದ್ದಾಗ ಅವ್ವ ನಿದ್ದಿಗಣ್ಣಾಗ ನನ್ನ ಶಿವೂ ಅಂತ ಕರೀತಿದ್ಲು. ನನ್ನ ಕರ್ಯಾಕತ್ತಿಲ್ಲ ಅಂತ ಗೊತ್ತಾಗತಿತ್ತು" ಅಂದ. ಇದನ್ನು ಅವನು ನಿಮಗೆ ಯಾವತ್ತಾದರೂ ಹೇಳಿದ್ದನೇ?

ಶಿವುವಿನ ಚೂರಿನಲ್ಲಿ ಉತ್ತರ ಸಿಕ್ಕಿತು, ಅತ್ತಿ! ಅಂಟು ತಯಾರಿಸುವ ಜೀನು ಕೆಟ್ಟಿತ್ತು. ಪ್ರತಿಯೊಬ್ಬರಲ್ಲೂ ಅದರ ಜೋಡಿ ಇರುತ್ತದೆ. ನಿಮ್ಮಲ್ಲೂ ಮಾವನಲ್ಲೂ ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದಿರಬೇಕು, ಅದೇ ನಿಮ್ಮನ್ನು ಕಾಯ್ದಿತು. ಪಾಪ, ಶಿವುವಿನ ಪಾಲಿಗೆ ಎರಡೂ ಕೆಟ್ಟವೇ ಬಂದವು. ಅಷ್ಟೇ! ನೀವು ಕದ್ದು ತಿಂದ ಬದನೆಕಾಯಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಜೀವಮಾನವಿಡೀ ಸುಮ್ಮನೆ ಎಣ್ಣೆಗಾಯಿ ಬಿಟ್ಟಿರಲ್ಲ...

ನಮ್ಮಿಬ್ಬರ ರಕ್ತವನ್ನೂ ನೋಡಿದರು. ಬಸುವಿನಲ್ಲಿ ಒಂದು ಕೆಟ್ಟದ್ದು, ನನ್ನಲ್ಲೂ ಒಂದು. ಹುಟ್ಟುವ ಪ್ರತಿ ಕೂಸಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆದರೆ ಕಾಯಿಲೆಯ ಗುರುತು ಸಿಕ್ಕಿತ್ತಲ್ಲ, ಇನ್ನು ಕತ್ತಲಲ್ಲಿ ತಡಕಾಡಬೇಕಿರಲಿಲ್ಲ. ಬಂದರೂ ಮೊದಲೇ ತಿಳಿದರೆ ಅಸ್ಥಿಮಜ್ಜೆ ಕಸಿ ಮಾಡಿಸಬಹುದು. ಆ ಹಳ್ಳಿಯ ಕೂಸಿಗೂ ಅದರ ಸಿದ್ಧತೆ ನಡೆದಿದೆ. ಆಗಲೇ ನಾನು ಧೈರ್ಯ ಮಾಡಿದ್ದು. ಹೊಟ್ಟೆಯಿಂದ ಗರ್ಭದ ನೀರು ತೆಗೆದು ಕಳಿಸಿದ ಮೇಲೆ ಮಾತ್ರ ತಿಂದ ಅನ್ನ ಮೈಗೆ ಹತ್ತಲಿಲ್ಲ. ಗಂಡೋ ಹೆಣ್ಣೋ ಎಂದು ಕೇಳಬೇಡಿ. ಅದನ್ನು ಹೇಳುವಂತಿಲ್ಲ, ನಾವು ಕೇಳಿಯೂ ಇಲ್ಲ!

ಇವತ್ತು ಊಟಕ್ಕೆ ಕೂತಿದ್ದಾಗ ಶಬಾನಾ ಫೋನು ಮಾಡಿದಳು. "ಅಕ್ಕಾ, ಕುಂತೀರೋ ನಿಂತೀರೋ?" ಅಂದಳು. ನಿಂತೆ. ಅವಳು ಹೇಳಿದಳು. ಕೈತೊಳೆಯುವುದನ್ನೂ ಮರೆತು ಬಸುವಿನ ಹತ್ತಿ ಅಡತಿ ಅಂಗಡಿಗೆ ಫೋನು ಹಚ್ಚಿದೆ. ಸುದ್ದಿ ಕೇಳಿದವನೇ, ನೀವು ಅಡುಗೆಮನೆಯಲ್ಲಿ ಇದ್ದೀರೇನೋ ಎಂಬಂತೆ, "ಅವ್ವಗ ಹೇಳಿದ್ಯಾ?" ಅಂದ.

ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಕೂಸಿಗೆ ಒಂದು ಜೀನು ಕೆಟ್ಟದ್ದು ಬಂದಿದೆ, ಇನ್ನೊಂದು ಸರಿಯಾದದ್ದು. ನಿಮಗಿದ್ದ ಹಾಗೆ, ನನಗಿದ್ದ ಹಾಗೆ. ಅದು ಈ ಓಣಿಯಲ್ಲಿ ಓಡಾಡುತ್ತದೆ, ಬೀಳುತ್ತದೆ, ಮೊಣಕಾಲು ತರಚಿಕೊಂಡು ಅಳುತ್ತ ಬರುತ್ತದೆ. ಆ ಗಾಯ ಕೀವಾಗುತ್ತದೆ ಅತ್ತೀ! ಎಲ್ಲರ ಮಕ್ಕಳ ಗಾಯದ ಹಾಗೆ ನಮ್ಮ ಕೂಸಿನದೂ ಕೀವಾಗುತ್ತದೆ!

ನಿಮ್ಮ ಶೈಲಾ