ನಿನ್ನ ರೀಲ್ ನೋಡಿ ಬರುವ ಜನ

ಲೇ ಸಿಂಧು,

ಕಂಪನಿ ಬಸ್ಸಿನ ಹೊತ್ತಾಯಿತು, ನರಸಾಪುರದ ಫ್ಯಾಕ್ಟರಿಗೆ ಹೊರಟೆ. ರಜೆ ಕೇಳಲಿಲ್ಲ. ಇವತ್ತಿನ ಗ್ರಾಮಸಭೆಗೆ ನಾನು ಬರಲ್ಲ.

ನಮ್ಮ ಬೀದಿ ನಲ್ಲಿಗೆ ನೀರು ಬಿಡಿ ಅಂತ ಅರ್ಜಿ ಬರೆದವನು ನಾನು. ಹೋದ ಸಲ ತಮಟೆ ಹೊಡೆಸಿ, ಮನೆಮನೆ ಬಾಗಿಲು ತಟ್ಟಿ ಕರೆದವನೂ ನಾನೇ. ಬಂದ ನಾಲ್ಕು ಜನವೂ ಡೈರಿಗೆ ಹಾಲು ಹಾಕೋ ಹೊತ್ತಾಯಿತು ಅಂತ ಎದ್ದು ಹೋದರು. ಜನ ಸಾಲದೆ ಸಭೆಯೇ ಮುಂದಕ್ಕೆ ಹೋಯಿತು. ನೀನು ಖಾಲಿ ಬಿಂದಿಗೆ ಹಿಡಿದು, ಈ ಸಲ ಸಭೆಗೆ ಬನ್ನಿ ಅಂತ ಅರ್ಧ ನಿಮಿಷ ರೀಲ್ ಮಾಡಿದೆ, ಊರೂರೇ ನೋಡಿತು. ಈಗ ಟೇಕಲ್ ಸ್ಟೇಷನ್ನಿನಲ್ಲಿ ನನ್ನನ್ನೇ ನಿಲ್ಲಿಸಿ, "ನೀನು ಸಿಂಧು ಅಣ್ಣ ಅಲ್ವೇನಪ್ಪಾ?" ಅಂತಾರೆ. ಹೊಟ್ಟೆ ಉರಿಯುತ್ತೆ ಕಣೇ, ಸುಳ್ಳು ಯಾಕೆ ಹೇಳಲಿ?

ಹಸುವಿಗೆ ಹುಲ್ಲು ಹಾಕಿದ್ದೀನಿ. ಮಧ್ಯಾಹ್ನ ನೀರು ತೋರಿಸು.

ಕಾಮೆಂಟಲ್ಲಿ "ಬರ್ತೀವಿ ಅಕ್ಕಾ" ಅಂದವರೆಲ್ಲ ಸೆಲ್ಫಿ ತಗೊಂಡು ಜಾರಿಕೊಳ್ತಾರೆ. ಬಿಡಬೇಡ. ಹಾಲಿನ ಹೊತ್ತಿಗಿಂತ ಮುಂಚೆ ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಹಾಕಿಸು. ಅರ್ಜಿ ಟಿವಿ ಮೇಲಿದೆ, ಎದ್ದು ನಿಂತು ಜೋರಾಗಿ ಓದು. ಕಾಗುಣಿತ ತಪ್ಪಿದ್ದರೆ ನಗಬೇಡ. ಬರೆದವರು ಯಾರು ಅಂತ ಕೇಳಿದರೆ ಹೇಳು. ಕೇಳದಿದ್ದರೂ ಹೇಳು.

ನಾಲ್ಕಕ್ಕೆ ನನಗೆ ಟೀ ಬ್ರೇಕು. ಲೈವ್ ಹಾಕು, ನೋಡ್ತೀನಿ. ಲೈಕ್ ಮಾತ್ರ ಒತ್ತಲ್ಲ.

ಅಣ್ಣ